ಕೊಸರು ಯಾರ ಜೇಬಿನಿಂದ?

ಪುಕ್ಸಟ್ಟೆ ಸಿಕ್ಕಿದ್ರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನೋ ಮಾತು ನಮ್ಮ ಕಡೆ ಇದೆ. ದಸರಾ-ದೀಪಾವಳಿ ಹೊತ್ತಿಗೆ ಹಾಸ್ಟೆಲ್ಲಿಗೆ ಬಂದು ನೋಡಿ, ಈ ಮಾತಿಗೆ ಸಾಕ್ಷಿ ಬೇಕಾದಷ್ಟು ಸಿಗುತ್ತೆ. ಇಂಟರ್ನಲ್ಸ್ ಹಿಂದಿನ ದಿನ ಹತ್ತು ಗಂಟೆಗೇ ಮಲಗೋ ಮಹಾನುಭಾವರು ಸೇಲ್ ಶುರುವಾಗೋ ದಿನ ರಾತ್ರಿ ಹನ್ನೆರಡಕ್ಕೆ ಫೋನ್ ಹಿಡ್ಕೊಂಡು ಕೂತಿರ್ತಾರೆ. ಒಬ್ಬ ಇಯರ್‌ಫೋನ್ ಹುಡುಕ್ತಾನೆ, ಇನ್ನೊಬ್ಬ ಕೂಪನ್ ಕೋಡ್ ಕೂಗ್ತಾನೆ, ಮತ್ತೊಬ್ಬನಿಗೆ ಯಾರದೋ ಅಣ್ಣನ ಕ್ರೆಡಿಟ್ ಕಾರ್ಡ್ ಬೇಕು. 2014ರ ಅಕ್ಟೋಬರ್ 6ರಂದು ಫ್ಲಿಪ್‌ಕಾರ್ಟ್ ತನ್ನ ಮೊದಲ 'ಬಿಗ್ ಬಿಲಿಯನ್ ಡೇ' ಮಾಡಿದಾಗ ನಾವೆಲ್ಲ ಪ್ರೈಮರಿ ಸ್ಕೂಲಿನಲ್ಲಿದ್ವಿ. ಈಗ ಅದು ನಮ್ಮ ತಲೆಮಾರಿನ ಜಾತ್ರೆ.

ಇದನ್ನ ಬೈಯೋಕೆ ನಾನು ಬರೀತಿಲ್ಲ. ವಿದ್ಯಾರ್ಥಿಗಳ ಜೇಬು ಎಷ್ಟು ತೆಳ್ಳಗಿರುತ್ತೆ ಅಂತ ನನಗೂ ಗೊತ್ತು. ನಾನು ಹೇಳಬೇಕು ಅಂದ್ಕೊಂಡಿರೋದು ಒಂದೇ ಮಾತು: ರಿಯಾಯಿತಿ ಅನ್ನೋದು ಆಕಾಶದಿಂದ ಬೀಳಲ್ಲ. ನಮಗೆ ಉಳಿದ ಪ್ರತಿ ರೂಪಾಯಿ ಇನ್ನೊಬ್ಬರ ಜೇಬಿನಿಂದ ಬಂದಿರುತ್ತೆ. ಅದು ಯಾರ ಜೇಬು ಅಂತ ತಿಳ್ಕೊಂಡು ಚೌಕಾಸಿ ಮಾಡಿದ್ರೆ ಅದು ಜಾಣತನ. ತಿಳ್ಕೊಳ್ಳದೆ ಮಾಡಿದ್ರೆ ದೊಡ್ಡವರ ಹತ್ತಿರ ಮೋಸ ಹೋಗಿ, ಆ ಸಿಟ್ಟನ್ನ ಬಡವರ ಮೇಲೆ ತೀರಿಸ್ಕೊಂಡ ಹಾಗೆ. ನಾವು ಬಹಳಷ್ಟು ಸಲ ಮಾಡ್ತಿರೋದು ಈ ಎರಡನೇದು ಅನ್ನೋದು ನನ್ನ ಅಭಿಪ್ರಾಯ. ನಾನು ಮೊಳಕಾಲ್ಮುರು ಕಡೆಯವನಾದ್ದರಿಂದ ಉದಾಹರಣೆಗಳೂ ಆ ಕಡೆಯವೇ.

ಕೊಸರು, ಕೂಪನ್, ಕ್ಯಾಶ್‌ಬ್ಯಾಕ್

ನಮ್ಮ ಸಂತೆಗಳಲ್ಲಿ ರಿಯಾಯಿತಿಗೆ ಒಂದು ಚಂದದ ಹೆಸರಿದೆ: ಕೊಸರು. ಹೂವಿನವಳು ಮೊಳ ಅಳೆದ ಮೇಲೆ ನಾಲ್ಕು ಬೆರಳು ಜಾಸ್ತಿ ಬಿಡ್ತಾಳಲ್ಲ, ಅದು ಕೊಸರು. ತರಕಾರಿ ತೂಗಿದ ಮೇಲೆ ಚೀಲಕ್ಕೆ ಬೀಳೋ ಎರಡು ಹಸಿಮೆಣಸಿನಕಾಯಿ ಕೊಸರು. ಇದರಲ್ಲಿ ಗುಟ್ಟಿಲ್ಲ. ಕೊಡೋರು ಎದುರಿಗೇ ಇದ್ದಾರೆ, ಎಷ್ಟು ಕೊಟ್ರು ಅನ್ನೋದು ಕಣ್ಣಿಗೆ ಕಾಣುತ್ತೆ, ಆಗಲೇ ಕೈಗೆ ಸಿಗುತ್ತೆ. "ಬೋಣಿ ಟೈಮು, ಜಾಸ್ತಿ ಕೇಳ್ಬೇಡಣ್ಣ" ಅಂದ್ರೆ ನಾವೂ ಸುಮ್ಮನಾಗ್ತೀವಿ.

ಕುರಿ ಸಂತೆ, ದನದ ಜಾತ್ರೆಗಳಲ್ಲಿ ಚೌಕಾಸಿ ಇನ್ನೂ ಮಜಾ. ಟವೆಲ್ ಕೆಳಗೆ ಕೈ ಹಿಡಿದು ಬೆರಳಿನಲ್ಲೇ ರೇಟು ಹೇಳ್ತಾರೆ. ಪಕ್ಕದಲ್ಲಿ ನಿಂತವನಿಗೆ ಏನೂ ಗೊತ್ತಾಗಲ್ಲ. ಆದರೆ ಆ ಇಬ್ಬರಿಗೂ ಕುರಿ ಗೊತ್ತು, ಹಲ್ಲು ನೋಡಿ ವಯಸ್ಸು ಹೇಳ್ತಾರೆ, ಬೆನ್ನು ಒತ್ತಿ ತೂಕ ಹೇಳ್ತಾರೆ. ಇಬ್ಬರೂ ಸರಿಸಮಾನರು. ಅದಕ್ಕೇ ಅಲ್ಲಿ ಚೌಕಾಸಿ ಅಂದ್ರೆ ಅವಮಾನ ಅಲ್ಲ, ಒಂದು ಆಟ.

ಈಗ ಅಮೆರಿಕದ ಒಂದು ಪದ್ಧತಿ ನೋಡಿ. ಅಲ್ಲಿ ಅಂಚೆ ಮೂಲಕ ರಿಬೇಟ್ ಕೊಡೋ ಕ್ರಮ ಬಹಳ ವರ್ಷ ಜೋರಾಗಿ ನಡೀತು, ಅದರಲ್ಲೂ ಕಂಪ್ಯೂಟರ್, ಪ್ರಿಂಟರ್‌ನಂಥ ಸಾಮಾನಿಗೆ. ಅಂಗಡಿಯಲ್ಲಿ ನೀವು ಪೂರ್ತಿ ದುಡ್ಡು ಕೊಡಬೇಕು. ಆಮೇಲೆ ಡಬ್ಬದ ಮೇಲಿನ ಬಾರ್‌ಕೋಡ್ ಕತ್ತರಿಸಿ, ಬಿಲ್ ಲಗತ್ತಿಸಿ, ಫಾರಂ ತುಂಬಿ, ಇಷ್ಟು ದಿನದೊಳಗೆ ಅಂಚೆಗೆ ಹಾಕಬೇಕು. ಎಲ್ಲ ಸರಿಯಿದ್ರೆ ಕೆಲವು ವಾರ ಬಿಟ್ಟು ಚೆಕ್ ಬರುತ್ತೆ. ಇದರ ಮರ್ಮ ಏನು ಅಂದ್ರೆ, ಬಹಳ ಜನ ಕಳಿಸೋದೇ ಇಲ್ಲ. ಬಿಲ್ ಕಳೆದುಹೋಗುತ್ತೆ, ತಾರೀಕು ಮೀರುತ್ತೆ, ಸೋಮಾರಿತನ ಬರುತ್ತೆ. ರಿಯಾಯಿತಿ ದರ ನೋಡಿ ಕೊಂಡವರು ಪೂರ್ತಿ ದರ ಕೊಟ್ಟಿರ್ತಾರೆ. ಅಂದ್ರೆ ನೆನಪಿಟ್ಟು ಕಳಿಸಿದವನ ರಿಯಾಯಿತಿಯನ್ನ ಮರೆತವನ ಜೇಬು ತುಂಬಿಸುತ್ತೆ. ಗಿರಾಕಿಗಳ ಸಿಟ್ಟು ಎಷ್ಟು ಬೆಳೀತು ಅಂದ್ರೆ, 2005ರಲ್ಲಿ ಬೆಸ್ಟ್ ಬೈ ಅನ್ನೋ ದೊಡ್ಡ ಎಲೆಕ್ಟ್ರಾನಿಕ್ಸ್ ಅಂಗಡಿ ಸರಣಿ ಈ ಪದ್ಧತಿಯನ್ನ ಹಂತ ಹಂತವಾಗಿ ಕೈಬಿಡ್ತೀವಿ ಅಂತ ಘೋಷಿಸಬೇಕಾಯ್ತು.

ನಮ್ಮಲ್ಲಿ ಬಾರ್‌ಕೋಡ್ ಕತ್ತರಿಸೋ ಕಾಟ ಇಲ್ಲ. ಆದರೆ ಅದೇ ದೇವರು ಕ್ಯಾಶ್‌ಬ್ಯಾಕ್ ಅಂತ ಹೆಸರು ಬದಲಾಯಿಸ್ಕೊಂಡು ಬಂದಿದೆ. ದುಡ್ಡು ವಾಪಸ್ ಬರೋದು ದುಡ್ಡಾಗಿ ಅಲ್ಲ, ಪಾಯಿಂಟ್ ಆಗಿ. ಪಾಯಿಂಟಿಗೆ ಎಕ್ಸ್‌ಪೈರಿ ಡೇಟ್ ಇರುತ್ತೆ. ಬಳಸಬೇಕಂದ್ರೆ ಇನ್ನೂ ಐನೂರು ರೂಪಾಯಿ ಸಾಮಾನು ಕೊಳ್ಳಬೇಕು. ಸ್ಕ್ರ್ಯಾಚ್ ಕಾರ್ಡ್ ಉಜ್ಜಿದ್ರೆ 'ಮುಂದಿನ ಸಲ ಅದೃಷ್ಟ' ಅಂತ ಬರುತ್ತೆ.

ಇನ್ನು 'ಶೇ. 70 ಕಡಿತ' ಅನ್ನೋದರ ಗುಟ್ಟು. ಪ್ಯಾಕೇಜ್ ಸಾಮಾನಿನ ಮೇಲೆ ಎಂಆರ್‌ಪಿ ಹಾಕಲೇಬೇಕು ಅಂತ ಕಾನೂನಿದೆ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಅಡಿ 2011ರ ಪ್ಯಾಕೇಜ್ ನಿಯಮಗಳು ಅದನ್ನ ಹೇಳ್ತವೆ. ಅದಕ್ಕಿಂತ ಜಾಸ್ತಿ ತಗೋಬಾರದು, ಕಮ್ಮಿಗೆ ಮಾರಬಹುದು. ಆದರೆ ಔಷಧಿಯಂಥ ಕೆಲವನ್ನ ಬಿಟ್ರೆ ಆ ಅಂಕಿ ಎಷ್ಟಿರಬೇಕು ಅಂತ ಯಾರೂ ಹೇಳಲ್ಲ. ಕಂಪನಿ ತಾನೇ 4,999 ಅಂತ ಮುದ್ರಿಸಿ, ತಾನೇ ಅದನ್ನ ಹೊಡೆದು 1,499 ಅಂತ ಬರೆದ್ರೆ, ನಾವು 3,500 ಉಳಿಸಿದ್ವಿ ಅಂತ ಸ್ಟೇಟಸ್ ಹಾಕ್ತೀವಿ. ಉಳಿದಿದ್ದು ಎಲ್ಲಿ ಗುರೂ? ಜೇಬಿನಿಂದ ಹೋಗಿದ್ದು 1,499.

ಇಷ್ಟೆಲ್ಲ ಆದ್ರೂ ಆ ಆಪ್ ಜೊತೆ ನಾವು ಯಾವತ್ತೂ ಜಗಳ ಆಡಲ್ಲ. ತೋರಿಸಿದ ರೇಟಿಗೆ ಬೆರಳು ಒತ್ತಿ ಬರ್ತೀವಿ. ನಮ್ಮ ಚೌಕಾಸಿ ಪೌರುಷ ಎಲ್ಲ ಹೊರಗೆ ಬರೋದು ಎಳನೀರಿನವನ ಮುಂದೆ, ಗಾಡಿಯಲ್ಲಿ ಸೀಬೆಹಣ್ಣು ಮಾರೋ ಅಜ್ಜಿ ಮುಂದೆ, ಮತ್ತೆ ಮಗ್ಗದ ಮುಂದೆ.

ಮೊಳಕಾಲ್ಮುರು ಸೀರೆಯ ಲೆಕ್ಕ

ಚಳ್ಳಕೆರೆಯಿಂದ ಬಳ್ಳಾರಿ ರಸ್ತೆ ಹಿಡಿದು ಹೋದ್ರೆ ಆಂಧ್ರದ ಗಡಿ ಹತ್ತಿರ ಮೊಳಕಾಲ್ಮುರು ಸಿಗುತ್ತೆ. ಅಶೋಕನ ಶಾಸನ ಇರೋ ಬ್ರಹ್ಮಗಿರಿ ಇದೇ ತಾಲೂಕಿನದು. ಮಳೆ ಕಮ್ಮಿ, ಕಲ್ಲುಗುಡ್ಡ ಜಾಸ್ತಿ. ಇಲ್ಲಿನ ಕೈಮಗ್ಗದ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕ, ಅಂದ್ರೆ ಜಿಐ ಮಾನ್ಯತೆ ಸಿಕ್ಕಿದೆ. ಹಣ್ಣು, ಹೂವು, ಪ್ರಾಣಿ-ಪಕ್ಷಿಗಳ ಬುಟ್ಟಾ ಇರೋ ಸೀರೆ, ನೋಡಿದವರಿಗೆ ತಕ್ಷಣ ಗುರುತು ಸಿಗುತ್ತೆ.

ಊರಿಗೆ ಹೋದಾಗ ಸಾಮಾನ್ಯವಾಗಿ ಕಾಣೋ ಒಂದು ದೃಶ್ಯ ಇದೆ. ಮದುವೆ ಸೀಸನ್ನಿನಲ್ಲಿ ದೊಡ್ಡ ಊರುಗಳಿಂದ ಕಾರಿನಲ್ಲಿ ಬರ್ತಾರೆ. 'ನೇಯೋರ ಹತ್ತಿರಾನೇ ತಗೊಂಡ್ರೆ ಅಗ್ಗ' ಅಂತ ಯಾರೋ ಹೇಳಿರ್ತಾರೆ. ಸೀರೆ ಬಿಚ್ಚಿಸಿ, ಸೆರಗು ಹರಡಿಸಿ, ಮೆಚ್ಚಿಕೊಂಡಾದ ಮೇಲೆ ಶುರು:

"ಅಣ್ಣಾ, ಕೊನೆ ರೇಟು ಹೇಳಿ."

"ಅಮ್ಮಾ, ಹೇಳಿರೋದೇ ಕೊನೆ ರೇಟು. ಅಸಲೂ ಗಿಟ್ಟಲ್ಲಮ್ಮಾ."

"ಅಯ್ಯೋ, ಅಂಗಡಿಯಿಲ್ಲ, ಬಾಡಿಗೆಯಿಲ್ಲ, ಮನೇಲೇ ಕೂತು ನೇಯ್ತೀರಾ. ಸಾವಿರ ಬಿಡಿ."

'ಮನೇಲೇ ಕೂತು' ಅನ್ನೋ ಆ ಮಾತನ್ನ ಬಿಡಿಸಿ ನೋಡೋಣ. ಇಂಜಿನಿಯರಿಂಗ್ ಓದೋರು ನಾವು, ಲೆಕ್ಕ ಹಾಕೋಣ.

ಐದೂವರೆ ಮೀಟರ್ ಸೀರೆ ಅಂದ್ರೆ ಸುಮಾರು 216 ಇಂಚು. ಇಂಚಿಗೆ 60 ಹೊಕ್ಕಿನ ಎಳೆ ಅಂತ ಇಟ್ಕೊಂಡ್ರೂ ಒಟ್ಟು ಹದಿಮೂರು ಸಾವಿರ ಸಲ ಲಾಳಿ ಆ ಕಡೆಯಿಂದ ಈ ಕಡೆಗೆ ಹೋಗಬೇಕು. ಪ್ರತಿ ಸಲ ಕಾಲಿನಲ್ಲಿ ಮೆಟ್ಟಬೇಕು, ಕೈಯಲ್ಲಿ ಹೊಡೆದು ಎಳೆ ಕೂರಿಸಬೇಕು. ಒಡಲು ಒಂದು ಬಣ್ಣ, ಎರಡೂ ಅಂಚು ಬೇರೆ ಬಣ್ಣ ಬರಬೇಕಂದ್ರೆ ಮೂರು ಲಾಳಿ ಬೇಕು. ಆಗ ಪಕ್ಕದಲ್ಲಿ ಇನ್ನೊಬ್ಬರು ಕೂತು ಕೈ ಸೇರಿಸಬೇಕು. ಇದರ ಜೊತೆಗೆ ಹಾಸು ಹೂಡೋದು, ಎಳೆ ಕೆಚ್ಚೋದು, ಕಂಡಿಕೆ ಸುತ್ತೋದು. ಕಂಡಿಕೆ ಸುತ್ತೋ ಹೆಂಗಸರ ಕೆಲಸಕ್ಕೆ ಬಹಳ ಕಡೆ ಪ್ರತ್ಯೇಕ ಕೂಲಿಯ ಲೆಕ್ಕವೇ ಇರಲ್ಲ.

ಈಗ ದುಡ್ಡು. ಲೆಕ್ಕಕ್ಕೆ ಅಂತ ಒಂದು ಅಂಕಿ ಹಿಡಿಯೋಣ, ಇದು ಯಾರ ಮನೆಯ ಖಾತೆಯೂ ಅಲ್ಲ. ಸೀರೆ ಬೆಲೆ 10,000. ರೇಷ್ಮೆ, ಜರಿ, ಬಣ್ಣ ಸೇರಿ 7,000. ಉಳಿದದ್ದು 3,000. ಇಬ್ಬರು ಸೇರಿ ಹತ್ತು ದಿನದ ಕೆಲಸ ಅಂದ್ಕೊಳ್ಳಿ. ದಿನಕ್ಕೆ ಮನೆಗೆ 300 ಬಂತು. ನೀವು ಸಾವಿರ ಬಿಡಿಸ್ಕೊಂಡ್ರಿ. ನಿಮಗೆ ಅದು ಶೇ. 10 ರಿಯಾಯಿತಿ. ಅವರಿಗೆ? ರೇಷ್ಮೆ ವ್ಯಾಪಾರಿ ಸಾವಿರ ಬಿಡಲ್ಲ, ಜರಿ ಅಂಗಡಿಯವನು ಬಿಡಲ್ಲ. ಗೂಡಿನ ರೇಟು ರಾಮನಗರದಂಥ ಮಾರುಕಟ್ಟೆಯ ಹರಾಜಿನಲ್ಲಿ ನಿಂತುಹೋಗಿರುತ್ತೆ. ಇಡೀ ಲೆಕ್ಕದಲ್ಲಿ ಹಿಂಡೋಕೆ ಬರೋದು ಒಂದೇ ಒಂದು ಸಾಲು, ಅದು ಕೂಲಿ. 3,000 ಇದ್ದಿದ್ದು 2,000 ಆಯ್ತು. ನಿಮ್ಮ ಶೇ. 10 ಅವರ ದುಡಿಮೆಯ ಮೂರನೇ ಒಂದು ಭಾಗ.

ಇದೇ ಸಾವಿರ ರೂಪಾಯಿಯನ್ನ ಒಂದು ಫೋನ್ ಕಂಪನಿ ಬಿಟ್ರೆ ಅದು ಜಾಹೀರಾತಿನ ಖರ್ಚಿಗೆ ಹೋಗುತ್ತೆ, ಇಲ್ಲ ಹೂಡಿಕೆದಾರನ ಲೆಕ್ಕದಲ್ಲಿ ನಷ್ಟ ಅಂತ ಕೂರುತ್ತೆ. ಯಾರ ಮನೆಯ ಒಲೆಯೂ ಆರಲ್ಲ. 2019-20ರ ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿ ಪ್ರಕಾರ ದೇಶದಲ್ಲಿ ಸುಮಾರು ಮೂರರಲ್ಲಿ ಎರಡು ನೇಕಾರ ಕುಟುಂಬಗಳ ತಿಂಗಳ ಆದಾಯ 5,000 ರೂಪಾಯಿಗಿಂತ ಕಮ್ಮಿ. ನಮ್ಮ ಎಷ್ಟೋ ಜನರ ತಿಂಗಳ ಮೆಸ್ ಬಿಲ್ಲಿನ ಆಸುಪಾಸು ಅದು.

ಇಲ್ಲೊಂದು ತಕರಾರು ಬರುತ್ತೆ, ನ್ಯಾಯವಾದದ್ದೇ. 'ಬಹಳ ನೇಕಾರರು ಮಾಸ್ಟರ್ ವೀವರ್ ಹತ್ತಿರ ಕೂಲಿಗೆ ನೇಯ್ತಾರೆ. ಕೂಲಿ ಮೊದಲೇ ಕೊಟ್ಟಾಗಿರುತ್ತೆ. ನಾನು ಅಂಗಡಿಯಲ್ಲಿ ಚೌಕಾಸಿ ಮಾಡಿದ್ರೆ ನೇಕಾರನಿಗೆ ಏನು ನಷ್ಟ?' ಹೌದು, ಆ ಸೀರೆಯ ಮಟ್ಟಿಗೆ ಏನೂ ನಷ್ಟ ಇಲ್ಲ. ಆದರೆ ಅಂಗಡಿಯವನು ಮುಂದಿನ ಆರ್ಡರ್ ಕೊಡುವಾಗ ರೇಟು ಇಳಿಸ್ತಾನೆ. ಮಾಸ್ಟರ್ ವೀವರ್ ಕೂಡ ಎಲ್ಲಿಂದ ಕಳೀತಾನೆ? ಅದೇ ಸಾಲಿನಿಂದ. ಹಗ್ಗ ಸವೆದಲ್ಲೇ ಹರಿಯೋದು.

ಸರ್ಕಾರಿ ರಿಬೇಟಿನ ಕಥೆ

ಹಾಗಾದ್ರೆ ಗಿರಾಕಿಗೂ ಅಗ್ಗ ಆಗಬೇಕು, ನೇಕಾರನಿಗೂ ಕೂಲಿ ಸಿಗಬೇಕು ಅಂದ್ರೆ? ಮಧ್ಯದ ದುಡ್ಡನ್ನ ಸರ್ಕಾರ ಕೊಡಲಿ. ಈ ಯೋಚನೆಯಿಂದಲೇ ಖಾದಿ ಮತ್ತು ಕೈಮಗ್ಗದ ರಿಬೇಟ್ ಹುಟ್ಟಿದ್ದು. ಗಾಂಧಿ ಜಯಂತಿ ಹೊತ್ತಿಗೆ ಖಾದಿ ಭಂಡಾರದ ಮುಂದೆ, ಕೈಮಗ್ಗ ಮೇಳಗಳಲ್ಲಿ 'ವಿಶೇಷ ರಿಯಾಯಿತಿ' ಬೋರ್ಡು ನೋಡಿರ್ತೀರಿ. ನಮ್ಮ ಮನೆಯ ಹಿರಿಯರು ಅಕ್ಟೋಬರ್ ಬರೋವರೆಗೂ ಕಾದು ಪಂಚೆ ಕೊಳ್ತಿದ್ರು. 1975ರಲ್ಲಿ ಶುರುವಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ತನ್ನ 'ಪ್ರಿಯದರ್ಶಿನಿ' ಮಳಿಗೆಗಳ ಮೂಲಕ ಕೈಮಗ್ಗದ ಬಟ್ಟೆ ಮಾರುತ್ತೆ.

ಆದರೆ ರಿಬೇಟಿನ ಕೆಲಸ ಹೇಗೆ ನಡೆಯುತ್ತೆ ನೋಡಿ. ಸಂಘ ಮೊದಲು ಗಿರಾಕಿಗೆ ಕಮ್ಮಿ ದರಕ್ಕೆ ಮಾರುತ್ತೆ. ಆಮೇಲೆ ಬಿಲ್ಲುಗಳನ್ನೆಲ್ಲ ಜೋಡಿಸಿ, ಪಟ್ಟಿ ಮಾಡಿ, ಸಹಿ-ಸೀಲು ಹಾಕಿಸಿ ಸರ್ಕಾರಕ್ಕೆ ಕಳಿಸುತ್ತೆ. ಕಳಿಸಿ ಕಾಯುತ್ತೆ. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಇದು ಅಮೆರಿಕದ ಅಂಚೆ ರಿಬೇಟೇ. ವ್ಯತ್ಯಾಸ ಒಂದೇ. ಅಲ್ಲಿ ಫಾರಂ ತುಂಬಿ ಚೆಕ್ ಕಾಯೋನು ಗಿರಾಕಿ. ಇಲ್ಲಿ ಕಾಯೋದು ನೇಕಾರರ ಸಂಘ. ಆ ದುಡ್ಡು ಬರೋದು ತಡವಾದಷ್ಟು ದಿನ ಹೊಸ ನೂಲು ಕೊಳ್ಳೋಕೆ ಸಂಘದ ಕೈಯಲ್ಲಿ ಬಂಡವಾಳ ಇರಲ್ಲ, ಮಗ್ಗ ಸುಮ್ಮನೆ ಕೂರುತ್ತೆ. ಜೊತೆಗೆ ಗಿರಾಕಿಗಳೆಲ್ಲ ರಿಬೇಟ್ ಇರೋ ದಿನಗಳಿಗೇ ಕಾಯೋದರಿಂದ ಉಳಿದ ತಿಂಗಳು ವ್ಯಾಪಾರ ಬಿದ್ದುಹೋಗುತ್ತೆ.

ಖಾದಿಯಲ್ಲಿ ಇದನ್ನ ಒಂದು ಸಲ ತಿದ್ದೋ ಪ್ರಯತ್ನ ಆಯ್ತು. 2010ರ ಏಪ್ರಿಲ್ 1ರಿಂದ ಕೇಂದ್ರ ಸರ್ಕಾರ ಮಾರಾಟದ ಮೇಲಿನ ರಿಬೇಟ್ ಬದಲು ಮಾರುಕಟ್ಟೆ ಅಭಿವೃದ್ಧಿ ನೆರವು ಅನ್ನೋ ಯೋಜನೆ ತಂತು. ಎಷ್ಟು ಮಾರಿದ್ರಿ ಅಂತ ಅಲ್ಲ, ಎಷ್ಟು ಉತ್ಪಾದನೆ ಮಾಡಿದ್ರಿ ಅಂತ ನೋಡಿ, ಅದರ ಮೌಲ್ಯದ ಶೇ. 20 ನೆರವು. ಅದರಲ್ಲಿ ನೂಲುವವರು-ನೇಯುವವರಿಗೆ 25 ಭಾಗ, ಉತ್ಪಾದಿಸೋ ಸಂಸ್ಥೆಗೆ 30, ಮಾರೋ ಸಂಸ್ಥೆಗೆ 45. ಈ ಹಂಚಿಕೆ ನ್ಯಾಯವೋ ಅಲ್ಲವೋ ಅನ್ನೋದು ಬೇರೆ ಚರ್ಚೆ. ದುಡಿದವರಿಗೆ 25, ಮಾರಿದವರಿಗೆ 45 ಅಂದಾಗ ನನಗಂತೂ ಹುಬ್ಬು ಮೇಲೆ ಹೋಯ್ತು. ಆದರೆ ರಿಯಾಯಿತಿ ಅನ್ನೋದನ್ನ ಗಿರಾಕಿಯ ಕಡೆಯಿಂದ ಮಾತ್ರ ನೋಡಬಾರದು, ಅದರ ಒಂದು ಪಾಲು ದುಡಿಯೋ ಕೈಗೂ ಹೋಗಬೇಕು ಅಂತ ನೀತಿಯಲ್ಲೇ ಬರೆದದ್ದು ದೊಡ್ಡ ಮಾತು.

ಚಳ್ಳಕೆರೆ ಕಂಬಳಿ

ಈಗ ವಾಪಸ್ ಚಳ್ಳಕೆರೆಗೆ. ನಮ್ಮಲ್ಲಿ ಬಹಳ ಜನರಿಗೆ ಚಳ್ಳಕೆರೆ ಗೊತ್ತಿರೋದು ಕುದಾಪುರದ ಐಐಎಸ್‌ಸಿ ಕ್ಯಾಂಪಸ್‌ನಿಂದ, ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರದಿಂದ. ಇಂಟರ್ನ್‌ಶಿಪ್ ಸಿಕ್ಕಿದ್ರೆ ಡ್ರೋನ್ ನೋಡಬಹುದು ಅಂತ ಆಸೆ. ಹಳಬರಿಗೆ ಚಳ್ಳಕೆರೆ ಅಂದ್ರೆ ಶೇಂಗಾ ಎಣ್ಣೆ ಮಿಲ್ಲು, ಮತ್ತೆ ಕಂಬಳಿ.

ಕಂಬಳಿ ಕುರಿಗಾರರ ಮತ್ತು ಕುರುಬ ಸಮುದಾಯದ ನೇಕಾರರ ಕೈಕಸುಬು. ದಖನಿ ಕುರಿಯ ಉಣ್ಣೆ ಕತ್ತರಿಸಿ, ಬಿಡಿಸಿ, ನೂತು, ನೇಯ್ದು, ಹುಣಸೆಬೀಜದ ಗಂಜಿ ಹಾಕಿ ಬಿಗಿ ಮಾಡ್ತಾರೆ. ಮುಟ್ಟಿದ್ರೆ ಚುಚ್ಚುತ್ತೆ, ನಿಜ. ಆದರೆ ಹೊಲದಲ್ಲಿ ಮಳೆ ಬಂದಾಗ ತಲೆ ಮೇಲೆ ಹೊದ್ಕೊಂಡು ನಿಂತವರಿಗೆ ಅದರ ಬೆಲೆ ಗೊತ್ತು.

ಈ ಕಂಬಳಿಯ ಎದುರಿಗೆ ಈಗ ಪಾಣಿಪತ್‌ನ ಬ್ಲಾಂಕೆಟ್ ನಿಂತಿದೆ. ಹಳೇ ಬಟ್ಟೆ ಚಿಂದಿ ಮಾಡಿ ಮತ್ತೆ ನೂಲು ತೆಗೆದು ಮಿಲ್ಲಿನಲ್ಲಿ ಮಾಡೋ ಬ್ಲಾಂಕೆಟ್‌ಗಳಿಗೆ ಆ ಊರು ಹೆಸರುವಾಸಿ. ನೋಡೋಕೆ ನುಣುಪು, ಬೆಲೆ ಬಹಳ ಕಮ್ಮಿ. ಅದು ಕೆಟ್ಟ ಸಾಮಾನು ಅಂತ ನಾನು ಹೇಳಲ್ಲ, ಚಳಿಯಲ್ಲಿ ಎಷ್ಟೋ ಬಡವರನ್ನ ಅದೇ ಕಾಯುತ್ತೆ. ಆದರೆ ಅದರ ಬೆಲೆ ಹಿಡ್ಕೊಂಡು ಬಂದು ಕಂಬಳಿ ನೇಯೋರ ಮುಂದೆ "ಅಲ್ಲಿ ಇಷ್ಟಕ್ಕೇ ಕೊಡ್ತಾರೆ" ಅನ್ನೋದು ಚೌಕಾಸಿ ಅಲ್ಲ. ಮೆಷಿನ್ ಬೆಲೆಗೆ ಮನುಷ್ಯನನ್ನ ಕೇಳಿದ ಹಾಗೆ.

ಇದೇ ಮಾತು ಸೀರೆಗೂ. ಸೀರೆಯೂ ಸೇರಿದಂತೆ 11 ಬಗೆಯ ಬಟ್ಟೆಗಳನ್ನ ನಿರ್ದಿಷ್ಟ ನೇಯ್ಗೆಯಲ್ಲಿ ಕೈಮಗ್ಗಕ್ಕೇ ಮೀಸಲಿಡೋ ಕಾಯ್ದೆ 1985ರಿಂದ ಇದೆ. ಆದ್ರೂ ವಿದ್ಯುತ್ ಮಗ್ಗದ ನಕಲು ಕೈಮಗ್ಗದ ಹೆಸರಿನಲ್ಲಿ ಮಾರಾಟ ಆಗುತ್ತೆ. ಇಲ್ಲಿ ಅಗ್ಗದ ಹುಡುಕಾಟ ನಮಗೇ ತಿರುಗಿ ಹೊಡೆಯುತ್ತೆ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಸೆಕೆಂಡ್ ಹ್ಯಾಂಡ್ ಕಾರುಗಳ ಉದಾಹರಣೆ ಕೊಟ್ಟು ಇದನ್ನ ವಿವರಿಸಿದ್ರು, ಆ ಕೆಲಸಕ್ಕೆ 2001ರಲ್ಲಿ ನೊಬೆಲ್ ಕೂಡ ಬಂತು. ಒಳ್ಳೇದ್ಯಾವುದು ಕೆಟ್ಟದ್ಯಾವುದು ಅಂತ ಗಿರಾಕಿಗೆ ಗೊತ್ತಾಗದೇ ಇದ್ದಾಗ ಅವನು ಎಲ್ಲದಕ್ಕೂ ಕಮ್ಮಿ ಬೆಲೆಯನ್ನೇ ಕೇಳ್ತಾನೆ. ಆ ಬೆಲೆಗೆ ಒಳ್ಳೆ ಸಾಮಾನಿನವರಿಗೆ ಗಿಟ್ಟಲ್ಲ, ಅವರು ಮಾರುಕಟ್ಟೆ ಬಿಟ್ಟು ಹೋಗ್ತಾರೆ. ಕೊನೆಗೆ ಉಳಿಯೋದು ಕೆಟ್ಟದ್ದು ಮಾತ್ರ. ಹಟ ಹಿಡಿದು ಅರ್ಧ ಬೆಲೆಗೆ 'ಕೈಮಗ್ಗದ ಸೀರೆ' ತಂದವರು ಬಹಳ ಸಲ ತಂದಿರೋದು ವಿದ್ಯುತ್ ಮಗ್ಗದ ಸೀರೆಯನ್ನ. ಚೌಕಾಸಿಯಲ್ಲಿ ಗೆದ್ದಿದ್ದು ಯಾರು ಅಂತ ನೀವೇ ಹೇಳಿ.

ಹಾಗಾದ್ರೆ ಚೌಕಾಸಿ ಮಾಡ್ಲೇಬಾರ್ದಾ?

ಮಾಡಿ. ಧಾರಾಳವಾಗಿ ಮಾಡಿ. 'ಕೇಳಿದಷ್ಟು ಕೊಟ್ಟು ಬನ್ನಿ, ಅದೇ ಪುಣ್ಯ' ಅನ್ನೋ ಉಪದೇಶ ನನಗೂ ಇಷ್ಟ ಇಲ್ಲ. ಹತ್ತು ರೂಪಾಯಿಗೆ ಲೆಕ್ಕ ಹಾಕಿ ಮನೆ ನಡೆಸೋ ನಮ್ಮ ಅಮ್ಮಂದಿರು ಸಂತೆಯಲ್ಲಿ ಚೌಕಾಸಿ ಮಾಡಿದ್ರೆ ಅದರಲ್ಲಿ ತಪ್ಪು ಏನೂ ಇಲ್ಲ. ಅಲ್ಲಿ ಎರಡೂ ಕಡೆ ಕಷ್ಟ ಗೊತ್ತಿರೋರೇ ಇರ್ತಾರೆ, ಎಲ್ಲಿ ನಿಲ್ಲಿಸಬೇಕು ಅನ್ನೋದೂ ಗೊತ್ತಿರುತ್ತೆ. ನಾನು ಹೇಳೋದು ಜಾಗ ನೋಡಿ ಮಾಡಿ ಅಂತ. ನನಗೆ ತೋಚಿದ ಮೂರು ಸೂತ್ರ ಇಲ್ಲಿವೆ.

ಮೊದಲನೇದು, ಮಗ್ಗದಿಂದ ದೂರ ಹೋದಷ್ಟು ಚೌಕಾಸಿ ಹೆಚ್ಚು, ಹತ್ತಿರ ಬಂದಷ್ಟು ಕಮ್ಮಿ. ದೊಡ್ಡ ಊರಿನ ಎಸಿ ಶೋರೂಮಿನಲ್ಲಿ ಬೆಲೆ ಏರಿಸಿ ಆಮೇಲೆ ಇಳಿಸೋ ಆಟ ನಡೀತಿರುತ್ತೆ, ಅಲ್ಲಿ ನಾಚಿಕೆ ಬಿಟ್ಟು ಕೇಳಿ. ಫೋನ್ ಕೊಳ್ಳುವಾಗ, ಲ್ಯಾಪ್‌ಟಾಪ್ ಕೊಳ್ಳುವಾಗ, ಪಿಜಿ ಬಾಡಿಗೆ ಮಾತಾಡುವಾಗ, ಕೋಚಿಂಗ್ ಫೀಸ್ ಕಟ್ಟುವಾಗ ಕೇಳಿ. ನಾವು ಅಲ್ಲೆಲ್ಲ ತುಟಿ ಹೊಲಿದ್ಕೊಂಡು ಇರ್ತೀವಿ, ಎಳನೀರಿಗೆ ಐದು ರೂಪಾಯಿ ಬಿಡಿಸೋಕೆ ಹೋಗ್ತೀವಿ.

ಎರಡನೇದು, ರೇಟು ಕೇಳೋ ಮೊದಲು 'ಎಷ್ಟು ದಿನ ಆಯ್ತು ಇದನ್ನ ಮಾಡೋಕೆ?' ಅಂತ ಕೇಳಿ. ಸಾಮಾನಿನ ಖರ್ಚು ಅಂದಾಜು ಕಳೆದು, ಉಳಿದದ್ದನ್ನ ದಿನಕ್ಕೆ, ತಲೆಗೆ ಭಾಗಿಸಿ. 2024-25ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ನಿಮ್ಮ ಉತ್ತರ ಅದಕ್ಕಿಂತ ಕಮ್ಮಿ ಬಂದ್ರೆ, ಅಲ್ಲಿ ಚೌಕಾಸಿ ಮಾಡೋಕೆ ಜಾಗ ಇಲ್ಲ ಅಂತ ಅರ್ಥ. ಕೊಳ್ಳೋಕೆ ಆಗದಿದ್ರೆ ಕೈಮುಗಿದು ಬನ್ನಿ, ಅದರಲ್ಲೂ ಮರ್ಯಾದೆ ಇದೆ.

ಮೂರನೇದು, ಮೋಸ ಹೋಗಬಾರದು ಅಂದ್ರೆ ಬೆಲೆ ಇಳಿಸೋದು ದಾರಿಯಲ್ಲ, ಸಾಮಾನು ತಿಳ್ಕೊಳ್ಳೋದು ದಾರಿ. ಸಂತೆಯಲ್ಲಿ ಕುರಿಯ ಹಲ್ಲು ನೋಡೋನ ಹಾಗೆ. ರೇಷ್ಮೆಗೆ 2004ರಿಂದ ಸಿಲ್ಕ್ ಮಾರ್ಕ್ ಇದೆ, ಕೈಮಗ್ಗಕ್ಕೆ 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಇದೆ, ಚೀಟಿ ಕೇಳಿ. ಸಂಶಯ ಬಂದ್ರೆ ಒಂದೆರಡು ಎಳೆ ಸುಟ್ಟು ನೋಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಬರುತ್ತೆ, ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ಪಾಲಿಸ್ಟರ್ ಕರಗಿ ಗಟ್ಟಿ ಉಂಡೆಯಾಗುತ್ತೆ. ಆಪ್‌ಗಳ ವಿಷಯದಲ್ಲೂ ತಿಳ್ಕೊಂಡಿರಿ. 'ಇನ್ನೆರಡೇ ಉಳಿದಿವೆ' ಅಂತ ಸುಳ್ಳೇ ಹೆದರಿಸೋದು, ನಾವು ಸೇರಿಸದ ಸಾಮಾನನ್ನ ಕಾರ್ಟಿಗೆ ತೂರಿಸೋದು, ಕೊನೆ ಪೇಜಿನಲ್ಲಿ ಹೊಸ ಚಾರ್ಜ್ ತೋರಿಸೋದು, ಇಂಥ 13 ಕಳ್ಳಾಟಗಳನ್ನ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಹೆಸರಿಸಿ ನಿಷೇಧಿಸಿದೆ. 1915 ಸಹಾಯವಾಣಿಗೆ ದೂರು ಕೊಡಬಹುದು. ಇಂಥ ಪೇಜುಗಳ ಕೋಡ್ ಬರೆಯೋ ಕೆಲಸಕ್ಕೆ ನಾಳೆ ಪ್ಲೇಸ್‌ಮೆಂಟ್ ಆಗೋದು ನಮ್ಮಲ್ಲೇ ಕೆಲವರಿಗೆ ಅನ್ನೋದನ್ನೂ ಮರೀಬೇಡಿ.

ನಮ್ಮ ಸಂಘದ ಶಾಲು

ಇಷ್ಟೆಲ್ಲ ಹೇಳಿ ನಮ್ಮ ಮನೆಯ ವಿಷಯ ಬಿಟ್ರೆ ಹೇಗೆ? ಪ್ರತಿ ನವೆಂಬರ್‌ನಲ್ಲಿ ರಾಜ್ಯೋತ್ಸವಕ್ಕೆ ಕನ್ನಡ ಸಂಘ ಅತಿಥಿಗಳಿಗೆ ಶಾಲು ಹೊದಿಸುತ್ತೆ. ಆ ಶಾಲು ಎಂಥದ್ದು ಅಂತ ಮುಟ್ಟಿ ನೋಡಿದವರಿಗೆ ಗೊತ್ತು: ಮಿರಿಮಿರಿ ಪಾಲಿಸ್ಟರ್. ಮೂರು ಕೊಟೇಶನ್ ತರಿಸಿ, ಕಮ್ಮಿ ಇರೋದನ್ನ ಆರಿಸಿ, ಅದರ ಮೇಲೆ ಡಜನ್‌ಗೆ ಇಷ್ಟು ಬಿಡಿ ಅಂತ ಚೌಕಾಸಿ ಮಾಡಿ ತರೋದು. ಅತಿಥಿಗಳು ಅದನ್ನ ಮನೆಗೆ ಒಯ್ದು ಏನು ಮಾಡ್ತಾರೋ ದೇವರಿಗೇ ಗೊತ್ತು. ಕನ್ನಡದ ಕೆಲಸಕ್ಕೆ ಅಂತ ಎತ್ತಿಟ್ಟ ದುಡ್ಡಿನಲ್ಲಿ ಕನ್ನಡ ನಾಡಿನ ಒಂದು ಮಗ್ಗಕ್ಕೂ ಒಂದು ದಿನದ ಕೆಲಸ ಸಿಗಲ್ಲ. ವೇದಿಕೆ ಮೇಲೆ ಮಾತ್ರ 'ನಾಡು, ನುಡಿ, ಸಂಸ್ಕೃತಿ'.

ನನ್ನ ಸಲಹೆ ಇಷ್ಟು. ಈ ಸಲ ಹತ್ತು ಶಾಲಿನ ಬದಲು ಮೂರೇ ಕೊಳ್ಳೋಣ, ಆದರೆ ಕೈಮಗ್ಗದ್ದು ಕೊಳ್ಳೋಣ. ಮುಖ್ಯ ಅತಿಥಿಗೆ ಚಳ್ಳಕೆರೆ ಕಂಬಳಿಯನ್ನೇ ಹೊದಿಸೋಣ. ಹಳ್ಳಿಗಳಲ್ಲಿ ಕಂಬಳಿ ಹೊದಿಸೋದು ಸಣ್ಣ ಗೌರವ ಅಲ್ಲ. ನೇರ ನೇಕಾರರ ಸಂಘದಿಂದ ತರಿಸೋಣ, ದುಡ್ಡು ಮುಂಗಡ ಕೊಡೋಣ, ಬಿಲ್ ಪಾಸಾಗೋವರೆಗೆ ಕಾಯಿಸೋದು ಬೇಡ. ಉಳಿದ ಅತಿಥಿಗಳಿಗೆ ಒಂದು ಪುಸ್ತಕ, ಒಂದು ನಮಸ್ಕಾರ ಸಾಕು. ಬಜೆಟ್ ಅಷ್ಟೇ ಇರುತ್ತೆ, ಫೋಟೋದಲ್ಲಿ ಶಾಲು ಕಮ್ಮಿ ಕಾಣುತ್ತೆ, ಅಷ್ಟೇ.

ಮುಂದಿನ ಸಮಿತಿ ಸಭೆಯಲ್ಲಿ ಖರ್ಚಿನ ಪಟ್ಟಿ ಬರುವಾಗ ಈ ವಿಷಯ ಎತ್ತೋದು ಅಂತ ನಾನಂತೂ ತೀರ್ಮಾನ ಮಾಡಿದ್ದೀನಿ. ಒಪ್ಪೋರು ಬಂದು ಕೈ ಎತ್ತಿ, ಒಪ್ಪದಿರೋರು ಬಂದು ಜಗಳ ಆಡಿ. ಕಂಬಳಿಗೆ ಸಂಘದವರು ರೇಟು ಹೇಳಿದಾಗ ನಮ್ಮ ಖಜಾಂಚಿ ಅಭ್ಯಾಸ ಬಲದಿಂದ "ಕೊನೆ ರೇಟು ಹೇಳಿ ಅಣ್ಣಾ" ಅಂದ್ರೆ, ಪಕ್ಕದಲ್ಲಿ ಇದ್ದೋರು ಮೆಲ್ಲಗೆ ಅವನ ಕಾಲು ತುಳಿಯಿರಿ.